ಎಮ್ಮೆ ಇದೆ, ಹಾಲಿಲ್ಲ

"ಮನೇಲಿ ಎರಡು ಎಮ್ಮೆ ಇವೆ ಡಾಕ್ಟ್ರೇ."

ಮಂಗಳವಾರದಿಂದ ಈ ಮಾತು ನನ್ನ ತಲೆಯಲ್ಲೇ ಕೂತಿದೆ. "ಹಾಲು ಕುಡೀತೀಯೇನಮ್ಮಾ?" ಅಂತ ಡಾಕ್ಟರು ಕೇಳಿದ್ದು ಸೊಸೆಯನ್ನು. ಉತ್ತರ ಕೊಟ್ಟದ್ದು ಅತ್ತೆ.

ಪಕ್ಕದ ಮನೆಯ ಒಂಬತ್ತು ತಿಂಗಳ ಕೂಸು. ಇನ್ನೂ ಬರೀ ಎದೆಹಾಲು. ಕೆನ್ನೆ ಗುಂಡಗಿದೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಮೊದಲೆಲ್ಲ ಕಂಡಕಂಡವರಿಗೆ ನಗುತ್ತಿತ್ತು. ಈಗ ಕರೆದರೂ ತಿರುಗುವುದಿಲ್ಲ, ನಿಂತಿದ್ದ ಕತ್ತು ಮತ್ತೆ ವಾಲುತ್ತಿದೆ. ಕೂದಲು ಕೆಂಚಾಗಿದೆ. ಡಾಕ್ಟರು ಅದರ ಬೆರಳಿನ ಗೆಣ್ಣು ತೋರಿಸಿದರು, ಮಸಿ ಮೆತ್ತಿದ ಹಾಗೆ ಕಪ್ಪು. ರಕ್ತ ಪರೀಕ್ಷೆಯಲ್ಲಿ ಬಿ12 ಅನ್ನೋ ವಿಟಮಿನ್ ತಳ ಮುಟ್ಟಿತ್ತು.

ಮಿದುಳಿನ ನರಗಳಿಗೆ ಮಯಲಿನ್ ಅನ್ನೋ ಹೊದಿಕೆ ಇರುತ್ತದೆ. ಅದು ಭರದಿಂದ ಬೆಳೆಯೋದು ಮೊದಲ ಎರಡು ವರ್ಷದಲ್ಲಿ, ಅದಕ್ಕೆ ಬಿ12 ಬೇಕೇ ಬೇಕು. ತಾಯಿಯ ಮೈಯಲ್ಲೇ ಇಲ್ಲದಿದ್ದರೆ ಎದೆಹಾಲಿಗೆ ಎಲ್ಲಿಂದ ಬರಬೇಕು? ಸೊಪ್ಪು, ಕಾಳಲ್ಲಿ ಅದು ಸಿಗುವುದಿಲ್ಲ. ಮೊಟ್ಟೆ, ಮೀನು, ಮಾಂಸ ತಿನ್ನದ ಮನೆಗೆ ಹಾಲು ಮೊಸರೇ ಗತಿ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇದೆ, ಬಿ12 ಇಲ್ಲ.

"ಎಮ್ಮೆ ಇರೋದು ಸರಿ, ಇವಳು ಕುಡೀತಾಳಾ?"

"ಹಾಲು ಡೈರಿಗೆ ಹಾಕ್ತೀವಿ. ಮೊಸರು ಬಾಣಂತಿಗೆ ಶೀತ."

ಹುಡುಗಿ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಗಂಡ ಬಾಗಿಲ ಹತ್ತಿರ ಫೋನ್ ಒತ್ತುತ್ತಿದ್ದ. ಡೈರಿ ದುಡ್ಡು ಬೀಳೋದು ಅವನ ಖಾತೆಗೆ. ನನಗೆ ಸಿಟ್ಟು ಬಂದದ್ದು ಅವನ ಮೇಲೇ. ಅತ್ತೆ ಕೆಟ್ಟವರಲ್ಲ. ಅವರೂ ಅದೇ ಪಥ್ಯ ಮಾಡಿ, ಎಲ್ಲರದೂ ಆದ ಮೇಲೆ ತಳ ಕೆರೆದು ಉಂಡವರೇ.

ಸರ್ಕಾರ ಸುಮ್ನೆ ಕೂತಿಲ್ಲ. 2017ರಲ್ಲಿ ಶುರುವಾದ ಮಾತೃಪೂರ್ಣದಲ್ಲಿ ಅಂಗನವಾಡಿಯಲ್ಲೇ ಬಸುರಿ, ಬಾಣಂತಿಯರಿಗೆ ಬಿಸಿಯೂಟ, ಹಾಲು, ಮೊಟ್ಟೆ. ಆದರೆ ಅಲ್ಲಿಗೇ ಹೋಗಿ ಉಣ್ಣಬೇಕು ಅಂದರೆ, ಬಾಣಂತಿಯನ್ನು ಹೊಸ್ತಿಲು ದಾಟಿಸದ ಮನೆಯವರು ಕಳಿಸ್ತಾರಾ? ಹಾಲಿನ ಲೆಕ್ಕ ಬರೆಯೋ ಮನೆಗಳಲ್ಲಿ ಯಾರು ಎಷ್ಟು ಕುಡಿದರು ಅನ್ನೋದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಇಂಜೆಕ್ಷನ್ ಶುರುವಾಗಿದೆ. ಕೂಸು ಆಗಲೇ ಸ್ವಲ್ಪ ಚುರುಕಾಗಿದೆ. ನಡುವೆ ಕೈಕಾಲು ನಡುಗಿದರೆ ಹೆದರಬೇಡಿ ಅಂದಿದ್ದಾರೆ. ಕಲಿತು ಮರೆತದ್ದೆಲ್ಲ ವಾಪಸ್ ಬರುತ್ತಾ ಅಂತ ಕೇಳಿದೆ. "ನೋಡೋಣ" ಅಂದರು.

ತಾಯಿಗೂ ಮಾತ್ರೆ ಬರೆದಾಗ ಅತ್ತೆ ತಡೆದರು. "ಇವಳಿಗ್ಯಾಕೆ? ಹುಷಾರಿಲ್ಲದ್ದು ಕೂಸಿಗಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟು, ಬಾಗಿಲ ಕಡೆ ನೋಡಿ, ಗಂಡನನ್ನು ಒಳಗೆ ಕರೆದರು.