ಚೀಟಿಯಲ್ಲಿ ನನ್ನ ಹೆಸರು

ಹಾಸನದಲ್ಲಿ ಅಮ್ಮ ಅಕ್ಕಪಕ್ಕದವರಿಗೆಲ್ಲ "ನಮ್ಮ ಹುಡುಗಿ ಅಮೆರಿಕದಲ್ಲಿ ಡಾಕ್ಟರ್" ಎಂದೇ ಹೇಳಿಕೊಂಡು ಬಂದಿದ್ದಾಳೆ. ಅಲ್ಲಮ್ಮ, ನರ್ಸ್ ಪ್ರಾಕ್ಟಿಷನರ್, ಹೆಚ್ಚಿನ ಓದು ಓದಿ ರೋಗಿಗಳನ್ನು ತಾನೇ ನೋಡಿ ಔಷಧಿ ಬರೆಯುವ ನರ್ಸ್ ಎಂದು ಹೇಳಿದರೆ, "ಮಾತ್ರೆ ಬರೆದುಕೊಡ್ತೀಯೋ ಇಲ್ವೋ?" ಎನ್ನುತ್ತಾಳೆ. ಬರೆದುಕೊಡ್ತೀನಿ. "ಮತ್ತೆ?" ಅಲ್ಲಿಗೆ ಮಾತು ಮುಗಿಯಿತು.

ಬರೆದುಕೊಡುತ್ತೇನೆ, ನಿಜ. ಆದರೆ ಟೆಕ್ಸಸ್‌ನಲ್ಲಿ ಅದಕ್ಕೊಂದು ಕರಾರು ಪತ್ರ ಬೇಕು. ಅದಕ್ಕೆ ನಾನೂ ಒಬ್ಬ ಡಾಕ್ಟರೂ ಸಹಿ ಹಾಕಿರಬೇಕು. ಯಾವ ಬಗೆಯ ಔಷಧಿ ಬರೆಯಬಹುದು, ಯಾವಾಗ ಅವರನ್ನು ಕೇಳಬೇಕು, ಎಲ್ಲ ಅದರಲ್ಲಿರುತ್ತದೆ. ತಿಂಗಳಿಗೊಮ್ಮೆ ಇಬ್ಬರೂ ಕೂತು ಒಂದಷ್ಟು ಚಾರ್ಟ್, ಅಂದರೆ ನಾನು ನೋಡಿದ ರೋಗಿಗಳ ದಾಖಲೆ, ನೋಡಬೇಕು. ಹೈಡ್ರೊಕೊಡೋನ್‌ನಂಥ ನೋವಿನ ಮಾತ್ರೆಯನ್ನು ನಮ್ಮಂಥ ಕ್ಲಿನಿಕ್ಕಿನಲ್ಲಿ ಕೂತು ನಾನು ಬರೆಯುವ ಹಾಗೇ ಇಲ್ಲ. ಪಕ್ಕದ ರಾಜ್ಯ ನ್ಯೂ ಮೆಕ್ಸಿಕೊದಲ್ಲಿ ಇದೇ ಓದು, ಇದೇ ಸರ್ಟಿಫಿಕೇಟು, ಕರಾರು ಮಾತ್ರ ಬೇಡ. ಗಡಿ ದಾಟಿದ ಕೂಡಲೇ ತಲೆ ಚುರುಕಾಗುತ್ತಾ? ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಮುಚ್ಚಿಡಲ್ಲ.

ಆದರೂ ಆ ತಿಂಗಳ ಮೀಟಿಂಗ್ ದಂಡ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಒಂದು ಸೋಮವಾರ ವರ್ಷದ ಮಗು ಬಂತು. ಜ್ವರ, ರಾತ್ರಿಯೆಲ್ಲ ಅತ್ತಿದೆ. ಕಿವಿಯ ತಮಟೆ ಕೆಂಪಗೆ ಉಬ್ಬಿತ್ತು. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಬರೆದೆ. ಕಿಲೋಗೆ ದಿನಕ್ಕೆ 90 ಮಿಲಿಗ್ರಾಂ, ಎರಡು ಹೊತ್ತಿಗೆ ಹಂಚಿ. ತೂಕದ ಖಾನೆಯಲ್ಲಿ 22 ಎಂದಿತ್ತು. ಲೆಕ್ಕ ಕಂಪ್ಯೂಟರೇ ಮಾಡಿತು. ನಾನು ಮುಂದಿನ ರೂಮಿಗೆ ಹೋದೆ.

ಅರ್ಧ ಗಂಟೆಯಲ್ಲಿ ಫಾರ್ಮಸಿಯಿಂದ ಫೋನು. "ವರ್ಷದ ಮಗು 22 ಕಿಲೋ ಇದೆಯಾ?"

ಇಪ್ಪತ್ತೆರಡು ಪೌಂಡ್! ಅಂದರೆ ಹತ್ತು ಕಿಲೋ. ದಿನಕ್ಕೆ 900 ಮಿಲಿಗ್ರಾಂ ಇರಬೇಕಾದ್ದು 1980 ಆಗಿ ಕೂತಿತ್ತು.

ತೂಕ ಹಾಕಿದ್ದು ಅಸಿಸ್ಟೆಂಟ್. ಪೌಂಡನ್ನು ಕಿಲೋ ಖಾನೆಗೆ ತುಂಬಿದ್ದರು. ನನ್ನ ಬಾಯಿಗೆ ಮೊದಲು ಬಂದಿದ್ದೂ ಅದೇ ಮಾತು. ಆದರೆ ಆ ಮಗುವನ್ನು ಎತ್ತಿ, ಅದರಮ್ಮನ ತೊಡೆ ಮೇಲೆ ತಿರುಗಿಸಿ ಕೂರಿಸಿದವಳು ನಾನೇ ಅಲ್ವಾ? 22 ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಅಕ್ಕಿ ಮೂಟೆ. ಕೈಗೆ ಗೊತ್ತಿತ್ತು, ತಲೆ ಕೇಳಿಸಿಕೊಳ್ಳಲಿಲ್ಲ. ಕಿಲೋ ಲೆಕ್ಕದಲ್ಲೇ ಬೆಳೆದವಳಿಗೆ ಹೀಗಾಯಿತಲ್ಲ ಅಂತ ಇವತ್ತಿಗೂ ನಾಚಿಕೆ. ಚೀಟಿಯಲ್ಲಿ ಅಸಿಸ್ಟೆಂಟ್ ಹೆಸರಿರಲಿಲ್ಲ. ಕರಾರಿಗೆ ಸಹಿ ಹಾಕಿದ ಡಾಕ್ಟರ್ ಆ ಮಗುವಿನ ಮುಖ ಕೂಡ ನೋಡಿರಲಿಲ್ಲ.

ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದಾಗ ಡೋಸ್ ಜಾಸ್ತಿ ಅನಿಸಿದರೆ ಫೋನ್ ಮಾಡಿ ಕೇಳುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಈಗ ಫೋನ್ ನನಗೇ ಬಂದಿತ್ತು. ಚೀಟಿ ಸರಿಮಾಡಿ ಕಳಿಸಿ, ಫಾರ್ಮಸಿಸ್ಟ್‌ಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿದೆ. ಮಗುವಿನ ಅಮ್ಮನಿಗೂ ಫೋನ್ ಮಾಡಿ ನಡೆದದ್ದು ಹೇಳಿದೆ. ಆ ಫೋನ್ ಕಷ್ಟವಾಯಿತು.

ಆ ತಿಂಗಳು ಆರಿಸಿದ ಚಾರ್ಟ್‌ಗಳಲ್ಲಿ ಅದು ಬಂದಿರಲಿಲ್ಲ. ಸುಮ್ನಿರಬಹುದಿತ್ತು. ನಾನೇ ತೆಗೆದು ಮುಂದಿಟ್ಟೆ. ಡಾಕ್ಟರ್ ಬೈಯಲಿಲ್ಲ. "ತಕ್ಕಡಿ ಎಲ್ಲಿದೆ?" ಎಂದು ಎದ್ದು ಹೋದರು. ಒಂದು ಗುಂಡಿ ಒತ್ತಿದರೆ ಪೌಂಡ್, ಇನ್ನೊಂದು ಸಲ ಒತ್ತಿದರೆ ಕಿಲೋ. ಅವತ್ತೇ ಅದನ್ನು ಕಿಲೋದಲ್ಲೇ ನಿಲ್ಲುವಂತೆ ಮಾಡಿಸಿದೆವು.

1965ರಲ್ಲಿ ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ನರ್ಸ್ ಪ್ರಾಕ್ಟಿಷನರ್ ಕೆಲಸಕ್ಕೆ ಮೊದಲ ತರಬೇತಿ ಶುರುಮಾಡಿದ್ದೂ ಮಕ್ಕಳನ್ನು ನೋಡಿಕೊಳ್ಳುವುದಕ್ಕೇ. ಈಗ ನಾನು ಮಗುವನ್ನು ಎತ್ತಿಕೊಳ್ಳದೆ ಡೋಸ್ ಬರೆಯಲ್ಲ.

ಅದಕ್ಕೇ ಯುಗಾದಿಗೆ ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್‌ನಲ್ಲಿ ಒಬ್ಬರು ತಟ್ಟೆ ಹಿಡಿದುಕೊಂಡೇ "ಮಗನಿಗೆ ಕೆಮ್ಮು, ಒಂದು ಆಂಟಿಬಯಾಟಿಕ್ ಕಳಿಸಿಬಿಡಿ" ಅಂದಾಗ ಆಗಲ್ಲ ಅಂದೆ. ಕ್ಲಿನಿಕ್ಕಿಗೆ ಕರೆದುಕೊಂಡು ಬನ್ನಿ, ನೋಡ್ತೀನಿ ಅಂದೆ. "ಅದಕ್ಕೆಲ್ಲ ಡಾಕ್ಟರೇ ಬೇಕು ಬಿಡಿ" ಎಂದು ಹೋದರು. ಆಮೇಲೆ ಅವರ ಮನೆಯಿಂದ ಊಟಕ್ಕೆ ಕರೆ ಬಂದಿಲ್ಲ. ಬಿಸಿಬೇಳೆಬಾತ್ ಮಾತ್ರ ಚೆನ್ನಾಗಿ ಮಾಡುತ್ತಿದ್ದರು.