ಹಾಗಾದರೆ ನೀವು ದೆವ್ವವನ್ನು ನಂಬುತ್ತೀರಾ?

ವಿಕ್ಟೋರಿಯಾ ರಾಣಿಯ ಕಾಲದ ವಿಜ್ಞಾನ ಮತ್ತು ಪ್ರೇತವಿದ್ಯೆ ನನ್ನ ಸಂಶೋಧನೆಯ ವಿಷಯ ಎಂದು ಬಾಯಿಬಿಟ್ಟರೆ ಸಾಕು, ಮದುವೆ ಮನೆಯಿರಲಿ ರೈಲಿರಲಿ, ಮೇಲಿನ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ, ನಂಬುವುದಿಲ್ಲ. ಕೇಳಿದವರ ಮುಖ ಸಪ್ಪಗಾಗುತ್ತದೆ. "ಮತ್ತೆ ಅದನ್ನೇಕೆ ಓದುತ್ತೀರಿ?" ಇದಕ್ಕೆ ಉತ್ತರ ಕೊಂಚ ಉದ್ದ.

1874, ಲಂಡನ್. ಸತ್ತವರನ್ನು ಕರೆಸುವ ಒಂದು ಕೂಟ. ಪರದೆಯ ಹಿಂದೆ ಫ್ಲಾರೆನ್ಸ್ ಕುಕ್ ಎಂಬ ಹದಿಹರೆಯದ ಹುಡುಗಿ ಮೈಮರೆತು ಕುಳಿತಿದ್ದಾಳೆ. ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟೆಯ 'ಕೇಟಿ ಕಿಂಗ್' ಎಂಬ ಪ್ರೇತ ಹೊರಬರಬೇಕು. ಇಬ್ಬರೂ ಒಬ್ಬಳೇ ಎಂಬ ಗುಮಾನಿ ಮೊದಲೇ ಇತ್ತು. ಅಟ್ಲಾಂಟಿಕ್ ಸಾಗರದಡಿಯ ಟೆಲಿಗ್ರಾಫ್ ತಂತಿಗಾಗಿ ದುಡಿದಿದ್ದ ಇಂಜಿನಿಯರ್ ಕ್ರಾಮ್‌ವೆಲ್ ವಾರ್ಲಿ, ತಂತಿಯನ್ನು ಪರೀಕ್ಷಿಸುವ ಹಾಗೆಯೇ ಹುಡುಗಿಯನ್ನು ಪರೀಕ್ಷಿಸಿದರು. ಆಕೆಯ ಎರಡೂ ಕೈಗೆ ಚಿನ್ನದ ನಾಣ್ಯ ಕಟ್ಟಿ, ಮೈಯಲ್ಲಿ ಸಣ್ಣ ವಿದ್ಯುತ್ತು ಹರಿಸಿ, ಆ ವಿದ್ಯುತ್ತನ್ನು ಮುಳ್ಳಿನಿಂದ ತೋರಿಸುವ ಗ್ಯಾಲ್ವನೋಮೀಟರನ್ನು ಪರದೆಯ ಈಚೆ ಇಟ್ಟರು. ಕಳಚಿಕೊಂಡು ಎದ್ದರೆ ಮುಳ್ಳು ಸೊನ್ನೆಗೆ ಬೀಳಬೇಕು. ಪ್ರೇತ ಬಂತು. ಮುಳ್ಳು ತೊಯ್ದಾಡಿತು, ಬೀಳಲಿಲ್ಲ! ಥ್ಯಾಲಿಯಂ ಧಾತುವನ್ನು ಕಂಡುಹಿಡಿದಿದ್ದ ವಿಲಿಯಂ ಕ್ರೂಕ್ಸ್ ಕೂಡ ಆಕೆಯನ್ನು ಪರೀಕ್ಷಿಸಿ, ಹುಡುಗಿ ಸಾಚಾ ಎಂದು ಬರೆದರು. 1880ರಲ್ಲಿ ಇನ್ನೊಂದು ಕೂಟದಲ್ಲಿ ಯಾರೋ ಪ್ರೇತವನ್ನು ಗಬಕ್ಕನೆ ಹಿಡಿದರೆ, ಸಿಕ್ಕಿದ್ದು ಕುಕ್. (ಕ್ರೂಕ್ಸ್ ಅವರಿಗೇನೂ ಆಗಲಿಲ್ಲ, 1913ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ದೊಡ್ಡ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರಾದರು.)

ಇದನ್ನು ಓದಿ ನಗುವವರೊಡನೆ ನನಗೆ ಸ್ವಲ್ಪ ಜಗಳವಿದೆ. ಕಣ್ಣಿಗೆ ಕಾಣದ ವಿದ್ಯುತ್ತು ಸಾಗರ ದಾಟಿ ಮಾತು ಮುಟ್ಟಿಸುವುದನ್ನು ಕಂಡವರಿಗೆ, ಸತ್ತವರ ಮಾತೂ ಹೀಗೇ ಬರಬಾರದೇಕೆ ಎನ್ನಿಸಿದ್ದು ಪೆದ್ದುತನವಲ್ಲ. ವಾರ್ಲಿ ಎಡವಿದ್ದು ಬೇರೆ ಕಡೆ: ಅವರ ಯಂತ್ರ ಹುಡುಗಿಯೊಬ್ಬಳನ್ನೇ ಕಾಯುತ್ತಿತ್ತು, ನೋಡಲು ಕೂತವರ ಆಸೆಯನ್ನು ಅಳೆಯಲು ಅಲ್ಲಿ ಮುಳ್ಳೇ ಇರಲಿಲ್ಲ.

ಅದನ್ನು ಅಳೆದವರು ಮೈಕೆಲ್ ಫ್ಯಾರಡೆ, 1853ರಷ್ಟು ಹಿಂದೆಯೇ. ಸುತ್ತ ಕುಳಿತು ಕೈಯಿಟ್ಟರೆ ಮೇಜು ತಾನಾಗಿ ತಿರುಗುತ್ತದೆಂಬ ಹುಚ್ಚು ಆಗ ಲಂಡನ್ನಿಗೆ ಹಿಡಿದಿತ್ತು. ಫ್ಯಾರಡೆ ಎರಡು ಹಲಗೆಗಳ ನಡುವೆ ಗಾಜಿನ ಉರುಳೆಗಳನ್ನಿಟ್ಟು, ಕೈ ತಳ್ಳಿದರೆ ವಾಲುವಂತೆ ಒಂದು ಹುಲ್ಲುಕಡ್ಡಿ ನಿಲ್ಲಿಸಿದರು. ಕೂತವರು ಮೋಸಗಾರರಲ್ಲ, ತಾವು ತಳ್ಳುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ಕಡ್ಡಿ ಅವರ ಕಣ್ಣಿಗೆ ಬೀಳುವಂತೆ ಇಟ್ಟಕೂಡಲೇ ಮೇಜು ನಿಂತುಹೋಯಿತು.

ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ತಮ್ಮ ಅಜ್ಜಿಯ ಊರಿನ ಹುಣಸೆಮರದ ಕತೆ ತೆಗೆದಿರುತ್ತಾರೆ. ನಾನು ಸುಮ್ಮನೆ ಕೂತು ಕೇಳುತ್ತೇನೆ, ಅದೂ ನನ್ನ ಕೆಲಸವೇ.