ಅಮ್ಮನ ಎಡಗೈ ಅಳತೆ: ಈಗ ಎದೆಗೂ ಒಂದು ಸೆನ್ಸರ್

ಸ್ಟ್ರೋಕ್ ಆದ ಅಮ್ಮನ ಎಡಗೈ ಚಲನೆ ಅಳೆಯಲು ನಾನು ಮಾಡಿಕೊಂಡಿರುವ ಸಾಧನದಲ್ಲಿ ಈ ಸಲದ ದೊಡ್ಡ ಬದಲಾವಣೆ ಒಂದೇ. ಎರಡೂ ಮಣಿಕಟ್ಟಿನ ಪಟ್ಟಿಗಳ ಜೊತೆ ಎದೆಯ ಮೇಲೂ ಒಂದು ಸೆನ್ಸರ್ ಸೇರಿದೆ. ಮೂರರಲ್ಲೂ ಚಲನೆ ಗ್ರಹಿಸುವ ಎಂಪಿಯು-6050 ಚಿಪ್, ಒಂದೊಂದಕ್ಕೂ ಅದರ ಅಂಕಿ ಓದಿಕೊಳ್ಳುವ ಪುಟ್ಟ ಕಂಪ್ಯೂಟರಿನಂಥ ತನ್ನದೇ ಇಎಸ್‌ಪಿ32 ಬೋರ್ಡ್, ತನ್ನದೇ ಪುಟ್ಟ ಬ್ಯಾಟರಿ. ಒಂದೇ ಬೋರ್ಡಿಗೆ ಮೂರನ್ನೂ ತಂತಿಯಲ್ಲಿ ಜೋಡಿಸಬಹುದಿತ್ತು. ಆದರೆ ಶಕ್ತಿ ಕಡಿಮೆಯಿರುವ ಕೈಗೆ ತಂತಿ ತೊಡರಿದರೆ ಅದನ್ನು ಬಿಡಿಸಿಕೊಳ್ಳುವುದರಲ್ಲೇ ಅಮ್ಮ ಸುಸ್ತಾಗುತ್ತಾಳೆ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಸ್ಟ್ರೋಕ್ ಆದಮೇಲೆ ಅಮ್ಮನ ಎಡಗೈ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಫಿಸಿಯೋ ಅದನ್ನು ಫ್ಯೂಗಲ್-ಮೇಯರ್ ಪರೀಕ್ಷೆಯಲ್ಲಿ ಅಳೆಯುತ್ತಾರೆ. 1975ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು. ತೋಳು ಮತ್ತು ಕೈಗೆ 33 ಅಂಶ, ಪೂರ್ಣಾಂಕ 66. ಹೆಚ್ಚಿನ ಅಂಶಗಳಿಗೆ ಮೂರೇ ಉತ್ತರ: ಆಗುವುದಿಲ್ಲ ಎಂದರೆ 0, ಅರ್ಧಂಬರ್ಧ ಆಗುತ್ತದೆ ಎಂದರೆ 1, ಪೂರ್ತಿ ಆಗುತ್ತದೆ ಎಂದರೆ 2. ಆ ಅರ್ಧಂಬರ್ಧದೊಳಗೇ ವಾರಗಟ್ಟಲೆ ಎಷ್ಟೋ ಸುಧಾರಣೆ ಆಗಿರುತ್ತದೆ, ಅಂಕ ಮಾತ್ರ 1ರಲ್ಲೇ ಕೂತಿರುತ್ತದೆ. ಫಿಸಿಯೋ ಕೊಡುವ ಅಂಕದ ಬದಲಿಗೆ ನನ್ನದನ್ನು ಇಡುವ ಉದ್ದೇಶ ನನಗಿಲ್ಲ. ಎರಡು ಅಂಕಗಳ ನಡುವೆ ಏನಾಗುತ್ತಿದೆ ಎಂದು ಅಮ್ಮನಿಗೆ ತೋರಿಸಬೇಕು, ಅಷ್ಟೇ.

ಪರೀಕ್ಷೆ ಸರಳ. ಅಮ್ಮ ಮೇಜಿನ ಮುಂದೆ ಕೂರುತ್ತಾಳೆ, ಎಡಗೈ ತೊಡೆಯ ಮೇಲೆ. ಮೇಜಿನ ಮೇಲೆ ಅಂಟಿಸಿದ ಗುರುತಿನಲ್ಲಿ ಖಾಲಿ ಲೋಟ. ಅದನ್ನು ಮುಟ್ಟಿ ಕೈಯನ್ನು ವಾಪಸ್ ತರಬೇಕು. ಇದಕ್ಕೆ ಹಿಡಿಯುವ ಸಮಯ ಚೆನ್ನಾಗಿ ಇಳಿಯುತ್ತಾ ಬಂದಿತ್ತು. ಎದೆಯ ಸೆನ್ಸರ್ ಹಾಕಿದ ಮೇಲೆ ಆ ಇಳಿಕೆಯ ಅರ್ಥವೇ ಬೇರೆಯಾಯಿತು.

ಸ್ಟ್ರೋಕ್ ಆದ ಕೈಯಲ್ಲಿ ಭುಜ ಎತ್ತಲು ಹೋದರೆ ಮೊಣಕೈ ತಾನಾಗಿ ಮಡಚಿಕೊಳ್ಳುವುದುಂಟು. ಲೋಟ ಮುಟ್ಟಲೇಬೇಕಲ್ಲ, ಆಗ ದೇಹ ಬೇರೆ ದಾರಿ ಹುಡುಕುತ್ತದೆ: ಸೊಂಟದಿಂದ ಮುಂದಕ್ಕೆ ಬಾಗಿ ಕೈಯನ್ನು ಲೋಟದ ಹತ್ತಿರ ಒಯ್ಯುತ್ತದೆ. ಕೈ ಮುಂದೆ ಹೋಯಿತು ಅನ್ನುವಷ್ಟನ್ನು ಮಣಿಕಟ್ಟಿನ ಪಟ್ಟಿ ಹೇಳುತ್ತದೆ. ಮೊಣಕೈ ಬಿಚ್ಚಿಕೊಂಡಿತೋ ಬೆನ್ನು ಬಾಗಿತೋ ಅದಕ್ಕೆ ತಿಳಿಯುವುದಿಲ್ಲ. ಬೆನ್ನು ಎಷ್ಟು ವಾಲಿತು ಎನ್ನುವುದನ್ನು ಎದೆಯ ಸೆನ್ಸರ್ ಗುರುತ್ವದ ದಿಕ್ಕು ನೋಡಿಯೇ ಹೇಳಿಬಿಡುತ್ತದೆ. ನಿಧಾನದ ಚಲನೆಗೆ ಆ ಲೆಕ್ಕ ಸಾಕು. ಅಮ್ಮನ ಪಾಡಿಗೆ ಬಿಟ್ಟಾಗ ಬಂದದ್ದು ಸುಮಾರು 20 ಡಿಗ್ರಿ. ಆಮೇಲೆ "ಅಮ್ಮಾ, ಬೆನ್ನು ಕುರ್ಚಿಗೆ ತಾಗಿಸ್ಕೊಂಡೇ ಚಾಚು" ಅಂದೆ. ಬೆರಳ ತುದಿ ಲೋಟಕ್ಕೆ ಒಂದು ಗೇಣು ಇರುವಾಗಲೇ ಕೈ ನಿಂತಿತು.

ಆ ಒಂದು ಗೇಣೇ ನಾನು ಅಳೆಯಬೇಕಾದದ್ದು. ಹಾಗಾಗಿ ಈಗ ಸಮಯದ ಪಕ್ಕದಲ್ಲಿ ಬೆನ್ನಿನ ವಾಲನ್ನೂ ಬರೆಯದೆ ಯಾವ ಸಾಲನ್ನೂ ಮುಗಿಸುವುದಿಲ್ಲ. ವಾಲು ಹೆಚ್ಚಾಗದೆ ಸಮಯ ಇಳಿದರೆ ಮಾತ್ರ ಅದು ಕೈಯ ಸುಧಾರಣೆ. ಬಾಗುವುದು ತಪ್ಪು ಅನ್ನುತ್ತಿಲ್ಲ. ಬಾಯಾರಿದಾಗ ಹೇಗೆ ಚಾಚಿ ನೀರು ಕುಡಿದರೂ ಸರಿ. ಅದನ್ನು ಕೈಯ ಚೇತರಿಕೆಯ ಖಾತೆಗೆ ಬರೆದುಕೊಂಡರೆ ಅಮ್ಮನ ವ್ಯಾಯಾಮ ದಾರಿ ತಪ್ಪುತ್ತದೆ.

ಕೈ ಎಷ್ಟು ಸೆಂಟಿಮೀಟರ್ ಹೋಯಿತು ಎಂದು ಸೆನ್ಸರಿನಿಂದಲೇ ಯಾಕೆ ತೆಗೆಯಬಾರದು ಅಂತ ಕೇಳುವವರಿದ್ದಾರೆ. ಚಿಪ್ಪಿನೊಳಗಿನ ಆಕ್ಸಲೆರೋಮೀಟರ್ ಕೊಡುವುದು ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ. ದೂರ ಬೇಕೆಂದರೆ ಅದನ್ನು ಎರಡು ಸಲ ಇಂಟಿಗ್ರೇಟ್ ಮಾಡಬೇಕು, ಅಂದರೆ ಕ್ಷಣ ಕ್ಷಣದ ಬೆಲೆಗಳನ್ನು ಕೂಡಿಸುತ್ತಾ ಹೋಗಬೇಕು; ತಪ್ಪೂ ಜೊತೆಗೇ ಕೂಡಿಕೊಳ್ಳುತ್ತದೆ. ಗುರುತ್ವದ ನೂರನೇ ಒಂದು ಪಾಲಿನಷ್ಟು ತಪ್ಪು ಉಳಿದುಕೊಂಡರೂ 10 ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಆಗುತ್ತದೆ. ದೂರಕ್ಕೆ ಮೇಜಿನ ಮೇಲೆ ಅಂಟಿಸಿದ ಟೇಪೇ ವಾಸಿ.

ಸೆನ್ಸರ್ ನಿಜವಾಗಿ ಕೆಲಸಕ್ಕೆ ಬರುವುದು ಚಲನೆಯ ನಯ ನೋಡಲು. ಆರೋಗ್ಯವಾಗಿರುವ ಕೈ ಒಂದು ವಸ್ತುವಿನತ್ತ ಚಾಚಿದಾಗ ವೇಗದ ಗೆರೆ ಘಂಟೆಯ ಆಕಾರದಲ್ಲಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. 1985ರಲ್ಲಿ ಫ್ಲ್ಯಾಶ್ ಮತ್ತು ಹೋಗನ್ ಎಂಬ ಸಂಶೋಧಕರು ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. ಅಮ್ಮನ ಬಲಗೈ ಗೆರೆ ಹಾಗೇ ಇದೆ. ಎಡಗೈಯದು ಸಣ್ಣ ಸಣ್ಣ ಗುಡ್ಡಗಳ ಸಾಲು: ಹೊರಟು, ತಡೆದು, ಮತ್ತೆ ಹೊರಟು. ಚೇತರಿಸಿಕೊಂಡಂತೆ ಈ ಗುಡ್ಡಗಳು ಒಂದರೊಳಗೊಂದು ಬೆರೆಯುತ್ತವೆ. ನಾನು ಅದೇ ಚಿಪ್ಪಿನಲ್ಲಿರುವ ಜೈರೋಸ್ಕೋಪ್ ಅಳೆಯುವ ಕೋನವೇಗವನ್ನೇ (ಕೈ ತಿರುಗುವ ವೇಗ) ನೇರವಾಗಿ ಬಳಸುತ್ತೇನೆ, ಇಂಟಿಗ್ರೇಶನ್ ತಾಪತ್ರಯವೇ ಇಲ್ಲ. ಗುಡ್ಡ ಎಣಿಸುವ ವಿಧಾನದಲ್ಲಿ ಎಷ್ಟು ಎತ್ತರದ್ದನ್ನು ಗುಡ್ಡ ಅನ್ನಬೇಕು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಶಿವಕುಮಾರ್ ಬಾಲಸುಬ್ರಮಣಿಯನ್ ಮತ್ತು ಸಂಗಡಿಗರು 2012ರಲ್ಲಿ ಮುಂದಿಟ್ಟ ಸ್ಪೆಕ್ಟ್ರಲ್ ಆರ್ಕ್ ಲೆಂತ್ ಎಂಬ, ಚಲನೆಯ ನಯವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆಯನ್ನೂ ಹಾಕಿದ್ದೇನೆ. ಅದರ ಬೆಲೆ ಯಾವಾಗಲೂ ಋಣಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಚಲನೆ ನಯ. ಅಮ್ಮನಿಗೆ ಆ ಸಂಖ್ಯೆ ಬೇಡ, ಗೆರೆ ಬೇಕು. "ಇವತ್ತು ಗುಡ್ಡ ಕಮ್ಮಿ ಆಯ್ತಾ?" ಅಂತ ಅವಳೇ ಕೇಳುತ್ತಾಳೆ.

ಮೂರು ಬೋರ್ಡುಗಳ ಗಡಿಯಾರ ಹೊಂದಿಸಲು ಸುಲಭದ ದಾರಿ ಸಿಕ್ಕಿತು. ಶುರುವಿನಲ್ಲಿ ಮೂರನ್ನೂ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಮೇಜಿಗೆ ಕುಟ್ಟುತ್ತೇನೆ. ಮೂರೂ ದಾಖಲೆಗಳಲ್ಲಿ ಆ ಏಟು ಎದ್ದು ಕಾಣುತ್ತದೆ, ಅದನ್ನು ಒಂದೇ ಗೆರೆಗೆ ತಂದರಾಯಿತು.

ದಿನವಿಡೀ ಎಡಗೈ ಎಷ್ಟು ಬಳಕೆಯಾಯಿತು ಎಂಬ ಲೆಕ್ಕಕ್ಕೂ ಎದೆಯ ಸೆನ್ಸರ್ ಉಪಯೋಗಕ್ಕೆ ಬಂತು. ನಡೆಯುವಾಗ ಎರಡೂ ಕೈ ಅಲ್ಲಾಡುತ್ತವೆ, ಏನೂ ಕೆಲಸ ಮಾಡದಿದ್ದರೂ ಎಡಗೈ ಚುರುಕಾಗಿದೆ ಅನ್ನಿಸುತ್ತದೆ. ಈಗ ಎದೆಯಲ್ಲಿ ಹೆಜ್ಜೆಯ ಲಯ ಕಂಡ ಹೊತ್ತನ್ನು ತೆಗೆದುಹಾಕಿ ಉಳಿದದ್ದನ್ನು ಮಾತ್ರ ಹೋಲಿಸುತ್ತೇನೆ.

ಇಂಥದ್ದನ್ನು ಮಾಡುವವರಿಗೆ ಒಂದು ಮಾತು. ಸ್ಟ್ರೋಕ್ ಆದ ಕೈಯಲ್ಲಿ ಸ್ಪರ್ಶಜ್ಞಾನವೂ ಕಡಿಮೆ ಇರಬಹುದು. ಪಟ್ಟಿ ಬಿಗಿಯಾದರೂ ಬ್ಯಾಟರಿ ಬಿಸಿಯಾದರೂ ಅವರಿಗೆ ಗೊತ್ತಾಗದೇ ಹೋಗಬಹುದು. ಬ್ಯಾಟರಿ ಚರ್ಮಕ್ಕೆ ತಾಗದಂತೆ ದಪ್ಪ ಬಟ್ಟೆ ಹಾಕಿ, ಪಟ್ಟಿ ಬಿಚ್ಚಿದಾಗಲೆಲ್ಲ ಕೆಂಪು ಗುರುತು ಇದೆಯಾ ನೋಡಿ. ಅಳತೆ ದಿನವೂ ಒಂದೇ ಹೊತ್ತಿಗೆ ಇರಲಿ. ದಣಿದ ಕೈ ಬೇರೆಯೇ ಅಂಕಿ ಕೊಡುತ್ತದೆ.

ಮುಂದಿನ ಕೆಲಸ ಬೆರಳುಗಳದು. ಮಣಿಕಟ್ಟಿನ ಪಟ್ಟಿಗೆ ಚಿವುಟುವ ಹಿಡಿತ ಕಾಣುವುದೇ ಇಲ್ಲ. ಲೋಟದ ಹೊರಮೈಗೆ ಒತ್ತಡದ ಸೆನ್ಸರ್ ಅಂಟಿಸಿ, ಹೆಬ್ಬೆರಳು ಮತ್ತು ತೋರುಬೆರಳು ಎಷ್ಟು ಬೇಗ ಬಿಗಿಯುತ್ತವೆ, ಅದಕ್ಕಿಂತ ಮುಖ್ಯವಾಗಿ ಎಷ್ಟು ಬೇಗ ಬಿಡುತ್ತವೆ ನೋಡಬೇಕು. ಅಮ್ಮನಿಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟವಾಗುತ್ತಿದೆ, ಹಾಗಾಗಿ ಬಿಡುವ ಸಮಯವನ್ನೇ ಮೊದಲು ಅಳೆಯುತ್ತೇನೆ.